ಮತ್ತಿಕೆರೆ: ಬೆಳಗ್ಗೆ ಶಟರ್ ಎತ್ತಿದ್ರೆ ಸಾಲು ಸಾಲು ಸೀನು, ನೆಗಡಿ ಅಂದ್ಕೊಂಡು ಮಾತ್ರೆ ನುಂಗೋ ಮುಂಚೆ ಇದನ್ನ ಓದಿ

ಮತ್ತಿಕೆರೆ ಮೇನ್ ರೋಡಲ್ಲಿ ಬೆಳಗ್ಗೆ ಏಳೂವರೆ, ಎಂಟರ ಹೊತ್ತಿಗೆ ಒಂದು ಸುತ್ತು ಹಾಕಿ ನೋಡಿ. ಶಟರ್ ಎತ್ತೋ ಸದ್ದಿನ ಜತೆಗೇ ಸೀನಿನ ಸದ್ದೂ ಕೇಳುತ್ತೆ. ಒಂದಲ್ಲ ಎರಡಲ್ಲ, ಎಂಟು-ಹತ್ತು ಒಂದೇ ಉಸಿರಿಗೆ. ಒಂಟಿ ಸೀನು ಅಪಶಕುನ, ಜೋಡಿ ಸೀನಾದ್ರೆ ಶುಭ ಅಂತ ನಮ್ಮಜ್ಜಿ ಲೆಕ್ಕ ಹಾಕ್ತಿದ್ರು. ಹತ್ತು ಸೀನಿಗೆ ಏನು ಫಲ ಅಂತ ಮಾತ್ರ ಹೇಳಿರಲಿಲ್ಲ.

ಗಣೇಶನ ಹಬ್ಬ ಮುಗಿದು ದಸರಾ ಹತ್ತಿರ ಬರೋ ಈ ದಿನಗಳಲ್ಲಿ ಈ ತೊಂದರೆ ಒಂದು ಸಲ ಏರುತ್ತೆ. ಫೆಬ್ರವರಿ-ಮಾರ್ಚಲ್ಲಿ, ಚಳಿ ಹೋಗಿ ಬಿಸಿಲು ಬರೋ ಸಂಧಿಯಲ್ಲಿ, ಇನ್ನೊಂದು ಸಲ. ಪ್ರತಿ ವರ್ಷ ಅದೇ ಹೊತ್ತಿಗೆ ನಿಮಗೂ "ನೆಗಡಿ" ಬರ್ತಾ ಇದ್ರೆ ಅದು ಬಹುಶಃ ನೆಗಡಿ ಅಲ್ಲ. ಗಾಳಿಯಲ್ಲಿ ತೇಲಿ ಬರೋ ಪರಾಗ, ಅಂದ್ರೆ ಹೂವಿನ ಪುಡಿಗೆ ನಿಮ್ಮ ಮೂಗು ಮಾಡ್ತಿರೋ ಗಲಾಟೆ.

ಈ ಲೇಖನ ಬರೆಯೋಕೆ ನನ್ನದೇ ಒಂದು ಕಾರಣ ಇದೆ. ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಮೂಗು ಸೋರಿ ಸೋರಿ ಸಾಕಾಗಿ, ಒಂದು ಮೆಡಿಕಲ್ ಶಾಪಲ್ಲಿ "ನೆಗಡಿಗೆ ಏನಾದ್ರೂ ಕೊಡಿ" ಅಂದೆ. ಎರಡು ಹಳದಿ ಮಾತ್ರೆ ಕತ್ತರಿಸಿ ಕೊಟ್ರು. ಒಂದು ನುಂಗಿ, ಗಾಡಿ ಹತ್ತಿ ಯಶವಂತಪುರದ ಕಡೆ ಹೊರಟೆ. ಸರ್ಕಲ್ ಹತ್ತಿರ ಕಣ್ಣು ಒಂದು ಕ್ಷಣ ಮುಚ್ಚಿದ್ದಷ್ಟೇ ನೆನಪು. ಎದ್ದಾಗ ಮುಂದಿನ ಆಟೋ ಹಿಂಭಾಗಕ್ಕೆ ನನ್ನ ಗಾಡಿ ಒರಗಿತ್ತು, ಮೊಣಕಾಲು ಕಿತ್ತುಹೋಗಿತ್ತು. ಆಟೋದವರು ಬೈಯೋಕೆ ಇಳಿದವರು ನನ್ನ ಮುಖ ನೋಡಿ ನೀರು ಕೊಟ್ರು. ಆ ಮಾತ್ರೆಯಲ್ಲಿ ಇದ್ದದ್ದು ಕ್ಲೋರ್‌ಫೆನಿರಮೈನ್. ಹಳೇ ಕಾಲದ ಅಲರ್ಜಿ ಔಷಧಿ, ಕೆಲಸ ಮಾಡುತ್ತೆ, ಆದ್ರೆ ನಿದ್ದೆ ಬರಿಸುತ್ತೆ. ನನಗೆ ಅದನ್ನ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪಿಂಕ್ ಹೂವಿನ ತಪ್ಪಲ್ಲ

ಅಲರ್ಜಿ ಅಂದ ತಕ್ಷಣ ನಮ್ಮ ಜನ ತಲೆ ಎತ್ತಿ ಮರ ನೋಡ್ತಾರೆ. ಜನವರಿಯಿಂದ ಮಾರ್ಚ್‌ವರೆಗೆ ಟಬೆಬುಯಾ ಮೈತುಂಬ ಗುಲಾಬಿ ಹೂ ಬಿಟ್ಟಿರುತ್ತೆ. ಯುಗಾದಿ ಹೊತ್ತಿಗೆ ಹೊಂಗೆ ಹೂ ಫುಟ್‌ಪಾತ್ ಮೇಲೆ ಅರಳು ಚೆಲ್ಲಿದ ಹಾಗೆ ಬಿದ್ದಿರುತ್ತೆ. ಆಮೇಲೆ ಗುಲ್‌ಮೊಹರ್. "ಈ ಹೂವಿನಿಂದಲೇ ಕಣ್ರೀ, ಮರ ಕಡಿಸಬೇಕು" ಅಂತ ಹೇಳೋರನ್ನ ನಾನೇ ಕೇಳಿದ್ದೀನಿ.

ಪಾಪ, ಆ ಮರಗಳದ್ದು ಏನೂ ತಪ್ಪಿಲ್ಲ. ಬಣ್ಣ, ವಾಸನೆ, ಜೇನು ಇಟ್ಟುಕೊಂಡ ಹೂವು ಕರೆಯೋದು ಜೇನುನೊಣವನ್ನ, ಚಿಟ್ಟೆಯನ್ನ, ಹಕ್ಕಿಯನ್ನ. ಅಂಥ ಹೂವಿನ ಪರಾಗ ದಪ್ಪ, ಅಂಟಂಟು. ಕೀಟದ ಕಾಲಿಗೆ ಮೆತ್ತಿಕೊಂಡು ಹೋಗೋಕೆ ಅಂತಲೇ ಆಗಿರೋದು. ಹೆಚ್ಚಿನದು ಗಾಳಿಯಲ್ಲಿ ದೂರ ಹೋಗೋದಿಲ್ಲ. ತೊಂದರೆ ಕೊಡೋದು ನಾವು ಹೂವು ಅಂತ ಗುರುತೇ ಹಿಡಿಯದ ಹೂವುಗಳು. ಬಣ್ಣ ಇಲ್ಲ, ವಾಸನೆ ಇಲ್ಲ, ಕೀಟಕ್ಕೆ ಕೊಡೋಕೆ ಏನೂ ಇಲ್ಲ. ಹಾಗಾಗಿ ಗಾಳಿಯನ್ನೇ ನಂಬಿಕೊಂಡಿರ್ತವೆ. ಗಾಳಿ ಎಲ್ಲಿಗೆ ಒಯ್ಯುತ್ತೋ ಏನೋ ಅಂತ ಲೆಕ್ಕವಿಲ್ಲದಷ್ಟು ಪುಡಿ ಬಿಡ್ತವೆ, ಹಗುರವಾದ ಪುಡಿ. ಹುಲ್ಲು, ಸರ್ವೆ ಮರ, ತಪಸಿ ಮರ ಎಲ್ಲಾ ಈ ಜಾತಿ.

ಬೆಂಗಳೂರಿನ ಗಾಳಿಯಲ್ಲಿ ಯಾವ ಪರಾಗ ಯಾವಾಗ ತೇಲುತ್ತೆ ಅಂತ ಹುಡುಕಿದವರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಶ್ರೀಪಾದ ಎನ್. ಅಗಾಶೆ ಅವರ ಹೆಸರು ಮುಖ್ಯ. ಅವರ ತಂಡದ ಕೆಲಸದಲ್ಲಿ ಮತ್ತೆ ಮತ್ತೆ ಬರೋದು ಸರ್ವೆ ಮರ, ಅಂದ್ರೆ ನಾವು ಗಾಳಿಮರ ಅಂತೀವಲ್ಲ, ಅದು. ಅದರ ಜತೆಗೆ ಹುಲ್ಲುಗಳು, ನೀಲಗಿರಿ, ಮತ್ತೆ ನಮ್ಮ ಖಾಲಿ ಸೈಟಿನ ಯಜಮಾನ, ಪಾರ್ಥೇನಿಯಂ. ಸರ್ವೆ ವರ್ಷಕ್ಕೆ ಎರಡು ಸಲ ಹೂ ಬಿಡುತ್ತೆ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರಲ್ಲಿ ಒಮ್ಮೆ. ಮಳೆಗೆ ಬೆಳೆದ ಹುಲ್ಲು ತೆನೆ ಬಿಡೋದೂ ಮಳೆ ಕಡಿಮೆಯಾಗೋ ಇದೇ ಹೊತ್ತಲ್ಲಿ. ನಿಮ್ಮ ಸೀನಿನ ಕ್ಯಾಲೆಂಡರನ್ನ ಇದರ ಪಕ್ಕ ಇಟ್ಟು ನೋಡಿ.

ಅಂದ ಹಾಗೆ ಅಕ್ಟೋಬರ್ ನಂತರ ರಾತ್ರಿ ಹೊತ್ತು ಘಂ ಅಂತ ತಲೆನೋವು ಬರೋ ಹಾಗೆ ವಾಸನೆ ಬಿಡುತ್ತಲ್ಲ, ಮದ್ದಾಲೆ ಮರ, ಅದರ ವಾಸನೆಗೆ ಕೆಲವರಿಗೆ ಮೂಗು ಕಟ್ಟುತ್ತೆ. ಅದು ಘಾಟಿಗೆ ಆಗೋ ಕಿರಿಕಿರಿ. ಮೆಣಸಿನಕಾಯಿ ಒಗ್ಗರಣೆಗೆ ಕೆಮ್ಮು ಬರಲ್ವಾ, ಹಾಗೆ. ಎಪಿಎಂಸಿ ಯಾರ್ಡಲ್ಲಿ ಮೂಟೆ ಹೊರೋರಿಗೆ, ಕಾರದಪುಡಿ ತೂಗೋ ಅಂಗಡಿಯವರಿಗೆ ಬರೋ ಸೀನಲ್ಲೂ ಬಹುಪಾಲು ಇದೇ. ಜಾಗ ಬಿಟ್ಟು ಆಚೆ ಬಂದ್ರೆ ಸ್ವಲ್ಪ ಹೊತ್ತಲ್ಲಿ ನಿಲ್ಲುತ್ತೆ.

ಕಾಂಗ್ರೆಸ್ ಗಿಡದ ಕತೆ

ಪಾರ್ಥೇನಿಯಂ ಅಂದ್ರೆ ಕೆಲವರಿಗೆ ಗೊತ್ತಾಗಲ್ಲ, ಕಾಂಗ್ರೆಸ್ ಗಿಡ ಅಂದ್ರೆ ಎಲ್ಲರಿಗೂ ಗೊತ್ತು. ಪಕ್ಷಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ, ಕಾಮೆಂಟಲ್ಲಿ ಜಗಳ ಬೇಡ. ಬಿಳಿ ಹೂ ಗಾಂಧಿ ಟೋಪಿ ಹಾಗೆ ಕಾಣುತ್ತೆ ಅಂತ ಆ ಹೆಸರು ಬಂತು ಅಂತ ಒಂದು ಕತೆ, ಅಮೆರಿಕದಿಂದ ಗೋಧಿ ತರಿಸಿದ ಕಾಲದಲ್ಲಿ ಆ ಗೋಧಿ ಜತೆ ಬೀಜ ಬಂತು, ಆಗ ಅದೇ ಸರ್ಕಾರ ಇತ್ತು ಅಂತ ಇನ್ನೊಂದು ಕತೆ. ಗಿಡದ ಮೂಲ ಅಮೆರಿಕ ಖಂಡ ಅನ್ನೋದಂತೂ ನಿಜ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಇದನ್ನ ಗುರುತಿಸಿದ್ರು. ಅಲ್ಲಿಂದ ರೈಲು ಹಳಿ, ರಸ್ತೆ ಬದಿ ಹಿಡಿದು ದೇಶವೆಲ್ಲಾ ಹಬ್ಬಿತು. 1975ರಲ್ಲಿ ಕರ್ನಾಟಕ ಸರ್ಕಾರ ಇದನ್ನ ಉಪದ್ರವದ ಕಳೆ ಅಂತ ಘೋಷಣೆ ಮಾಡ್ತು. ಘೋಷಣೆ ಕಾಗದದಲ್ಲೇ ಇದೆ, ಗಿಡ ಸೈಟಲ್ಲಿದೆ.

ಒಂದು ಗಿಡ ಎಷ್ಟು ಪರಾಗ ಬಿಡಬಹುದು ಅಂತ ಬೆಂಗಳೂರಿನ ಸಂಶೋಧಕರೇ 1980ರ ಸುಮಾರಿಗೆ ಲೆಕ್ಕ ಹಾಕಿದ್ದಾರೆ: 60 ಕೋಟಿ ಕಣಕ್ಕೂ ಹೆಚ್ಚು. ಒಂದೇ ಗಿಡ! ಕಣ ಎಷ್ಟು ಚಿಕ್ಕದು ಅಂದ್ರೆ ಒಂದು ತಲೆಕೂದಲಿನ ದಪ್ಪದಲ್ಲಿ ಮೂರ್ನಾಲ್ಕು ಸಾಲಾಗಿ ಕೂರಬಹುದು. 1991ರಲ್ಲಿ ಪ್ರಕಟವಾದ ಬೆಂಗಳೂರಿನದ್ದೇ ಒಂದು ಅಧ್ಯಯನದ ಪ್ರಕಾರ ಪರೀಕ್ಷೆ ಮಾಡಿದ ಜನರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಮೂಗಿನ ಅಲರ್ಜಿ ಬಂದಿದ್ದು ಈ ಪರಾಗದಿಂದ.

ಇದನ್ನ ತಿನ್ನೋ ಒಂದು ಜೀರುಂಡೆಯನ್ನ, ಜೈಗೋಗ್ರಾಮಾ ಅಂತ, 1983ರಲ್ಲಿ ಮೆಕ್ಸಿಕೊದಿಂದ ತರಿಸಿ, ಮರುವರ್ಷ ಬೆಂಗಳೂರಿನಲ್ಲೇ ಮೊದಲು ಬಿಟ್ರು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಕೆಲಸ ಅದು. ಕೆನೆಬಣ್ಣದ ಬೆನ್ನ ಮೇಲೆ ಕಪ್ಪು ಗೆರೆ ಇರೋ ಹುಳ, ಮಳೆಗಾಲದಲ್ಲಿ ಗಿಡದ ಮೇಲೆ ಕಂಡ್ರೆ ದಯವಿಟ್ಟು ಹೊಸಕಬೇಡಿ. ಚೆನ್ನಾಗಿ ತಿನ್ನುತ್ತೆ. ಆದ್ರೆ ಒಣ ಕಾಲದಲ್ಲಿ ಮಣ್ಣೊಳಗೆ ಸೇರಿ ಮಲಗಿಬಿಡುತ್ತೆ, ಗಿಡ ಮಾತ್ರ ಚರಂಡಿ ನೀರಿನ ಪಸೆ ಇದ್ರೂ ಸಾಕು, ಬೆಳೀತಾ ಇರುತ್ತೆ.

ಈ ಗಿಡದಿಂದ ಮೂಗಿಗಷ್ಟೇ ಅಲ್ಲ, ಚರ್ಮಕ್ಕೂ ತೊಂದರೆ ಇದೆ. ಮುಖ, ಕುತ್ತಿಗೆ, ಕೈಯ ತೆರೆದ ಭಾಗ ಕೆಂಪಾಗಿ, ತುರಿಕೆ ಬಂದು, ಕ್ರಮೇಣ ಚರ್ಮ ದಪ್ಪ ಆಗುತ್ತೆ. ಹೂವಿನ ಅಂಗಡಿಯವರು ಇದನ್ನ ಗಮನಿಸಬೇಕು. ಸೇವಂತಿಗೆ ಇದರದ್ದೇ ಕುಟುಂಬದ ಗಿಡ. ಪಾರ್ಥೇನಿಯಂ ಆಗದವರಲ್ಲಿ ಕೆಲವರಿಗೆ ಸೇವಂತಿಗೆ ಮುಟ್ಟಿದ್ರೂ ಕೈ ತುರಿಸುತ್ತೆ. ಆಯುಧಪೂಜೆ ವಾರದಲ್ಲಿ ಮೂಟೆಗಟ್ಟಲೆ ಸೇವಂತಿಗೆ ಬಿಡಿಸಿ ಕಟ್ಟೋ ಹೆಂಗಸರ ಬೆರಳ ಸಂದಿ ನೋಡಿ, ಎಷ್ಟೋ ಜನಕ್ಕೆ ಸೀಳಿರುತ್ತೆ. ನೀರಿನ ಕೆಲಸದಿಂದ ಅಂದುಕೊಂಡು ಸುಮ್ಮನಿರ್ತಾರೆ. ಚರ್ಮದ ಡಾಕ್ಟರಿಗೆ ತೋರಿಸೋವಾಗ "ನಾನು ಹೂ ಕಟ್ಟೋ ಕೆಲಸ ಮಾಡ್ತೀನಿ" ಅಂತ ಬಾಯಿಬಿಟ್ಟು ಹೇಳಬೇಕು.

ಒಳಗೆ ಆಗೋದೇನು?

ಪರಾಗ ವಿಷ ಅಲ್ಲ. ಪಕ್ಕದ ಮನೆಯವರ ಮೂಗಿಗೂ ಅದೇ ಪುಡಿ ಹೋಗಿರುತ್ತೆ, ಅವರಿಗೆ ಏನೂ ಆಗಿರಲ್ಲ. ನಮ್ಮ ದೇಹದ ಕಾವಲುಗಾರ ಪಡೆ ಅದನ್ನ ತಪ್ಪಾಗಿ ಶತ್ರು ಅಂತ ಗುರುತು ಹಾಕಿಕೊಳ್ಳುತ್ತೆ. ಮೊದಲ ಸಲ ಏನೂ ಗೊತ್ತಾಗಲ್ಲ. ಒಳಗೊಳಗೇ ಐಜಿಇ ಅನ್ನೋ ಪ್ರತಿಕಾಯ ತಯಾರಾಗಿ ಮೂಗು, ಕಣ್ಣು, ಶ್ವಾಸನಾಳದ ಪೊರೆಯಲ್ಲಿರೋ ಮಾಸ್ಟ್ ಕೋಶಗಳ ಮೇಲೆ ಕೂತಿರುತ್ತೆ. ಮುಂದಿನ ಸಲ ಅದೇ ಪರಾಗ ಬಂದ ಕೂಡಲೇ ಆ ಕೋಶ ಒಡೆದು ಹಿಸ್ಟಮಿನ್ ಚೆಲ್ಲುತ್ತೆ. ತುರಿಕೆ, ಸೀನು, ನೀರು, ಊತ ಎಲ್ಲಾ ಅದರದ್ದೇ ಆಟ. "ಹತ್ತು ವರ್ಷದಿಂದ ಇಲ್ಲೇ ಇದ್ದೀನಿ, ಈಗ್ಯಾಕೆ ಬಂತು" ಅನ್ನೋರಿಗೆ ಉತ್ತರವೂ ಇದೇ. ದೇಹ ಗುರುತು ಹಾಕಿಕೊಳ್ಳೋಕೆ ಕೆಲವು ವರ್ಷ ಬೇಕಾಗಬಹುದು. ಡೀಸೆಲ್ ಹೊಗೆ ಜತೆಗಿದ್ರೆ ಈ ಗಲಾಟೆ ಜಾಸ್ತಿ. ಯಶವಂತಪುರದ ಟ್ರಾಫಿಕ್ ಪಕ್ಕ ಬದುಕೋ ನಮಗೆ ಅದನ್ನ ಬಿಡಿಸಿ ಹೇಳಬೇಕಿಲ್ಲ.

ನೆಗಡಿಗೂ ಇದಕ್ಕೂ ವ್ಯತ್ಯಾಸ ಹಿಡಿಯೋದು ಕಷ್ಟ ಅಲ್ಲ. ನೆಗಡಿಯಲ್ಲಿ ಮೈಕೈ ನೋವು, ಗಂಟಲು ನೋವು, ಸ್ವಲ್ಪ ಜ್ವರ ಇರಬಹುದು, ವಾರ ಹತ್ತು ದಿನಕ್ಕೆ ಹೋಗುತ್ತೆ. ಅಲರ್ಜಿಯಲ್ಲಿ ಜ್ವರ ಇಲ್ಲ. ಮೂಗಿನ ನೀರು ತೆಳ್ಳಗೆ ನಲ್ಲಿ ನೀರಿನ ಹಾಗೆ ಇರುತ್ತೆ. ಕಣ್ಣು ತುರಿಸುತ್ತೆ, ಅಂಗುಳ ತುರಿಸುತ್ತೆ, ಕಿವಿಯೊಳಗೂ ಒಂಥರಾ ತುರಿಕೆ. ವಾರಗಟ್ಟಲೆ ಎಳೆಯುತ್ತೆ. ಮಕ್ಕಳು ಅಂಗೈಯಿಂದ ಮೂಗನ್ನ ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡ ಗೆರೆ ಬಿದ್ದಿದ್ರೆ ಅದೂ ಒಂದು ಗುರುತು. ವರ್ಷವಿಡೀ, ಅದರಲ್ಲೂ ಹಾಸಿಗೆಯಲ್ಲಿ ಇದ್ದಾಗ ಜಾಸ್ತಿ ಅಂದ್ರೆ ಪರಾಗಕ್ಕಿಂತ ಹಾಸಿಗೆ ಧೂಳಿನ ನುಸಿಯ ಮೇಲೆ ಅನುಮಾನ ಪಡಬೇಕು.

ಮನೆಯಲ್ಲೇ ಏನು ಮಾಡಬಹುದು

ಮೊದಲು ಕೆಲಸ ಮಾಡೋದನ್ನ ಹೇಳ್ತೀನಿ: ಉಪ್ಪುನೀರಲ್ಲಿ ಮೂಗು ತೊಳೆಯೋದು. ಯೋಗದವರು ಜಲನೇತಿ ಅಂತಾರೆ. ಕೂತಿರೋ ಪರಾಗವನ್ನ ನೇರವಾಗಿ ತೊಳೆದು ಹಾಕುತ್ತೆ, ಡಾಕ್ಟರುಗಳೂ ಒಪ್ತಾರೆ. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು. ಅಯೋಡಿನ್ ಇಲ್ಲದ ಉಪ್ಪಾದ್ರೆ ಉರಿ ಕಡಿಮೆ. ಬೇಕಾದ್ರೆ ಒಂದು ಚಿಟಿಕೆ ಅಡುಗೆ ಸೋಡಾ. ಸಿಂಕ್ ಮೇಲೆ ಬಗ್ಗಿ, ತಲೆ ಓರೆ ಮಾಡಿ, ಬಾಯಲ್ಲಿ ಉಸಿರಾಡ್ತಾ ಮೇಲಿನ ಹೊಳ್ಳೆಗೆ ಬಿಟ್ರೆ ಕೆಳಗಿನ ಹೊಳ್ಳೆಯಿಂದ ಬರುತ್ತೆ. ಮೊದಲ ಎರಡು ದಿನ ಗಾಬರಿ ಆಗುತ್ತೆ, ಆಮೇಲೆ ಅಭ್ಯಾಸ.

ಆದ್ರೆ ಒಂದು ವಿಷಯದಲ್ಲಿ ರಾಜಿ ಇಲ್ಲ. ನೀರು ಕುದಿಸಿ ಆರಿಸಿದ್ದೇ ಆಗಿರಬೇಕು. ನಲ್ಲಿ ನೀರು ಬೇಡ, ಬೋರ್‌ವೆಲ್ ನೀರು ಬೇಡ, ಟ್ಯಾಂಕರ್ ನೀರಂತೂ ಬೇಡವೇ ಬೇಡ. 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ನಲ್ಲಿ ನೀರಿಂದ ನೇತಿ ಮಾಡಿದ ಇಬ್ಬರು ಮಿದುಳು ತಿನ್ನೋ ಅಮೀಬಾದಿಂದ ಸತ್ತರು. ಪಕ್ಕದ ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಅದೇ ಥರದ ಮಿದುಳು ಸೋಂಕಿನ ಸುದ್ದಿ ನೀವೂ ಓದಿರ್ತೀರಿ. ಆ ನೀರು ಕುಡಿದ್ರೆ ಈ ಸೋಂಕು ಬರಲ್ಲ, ಮೂಗಿಗೆ ಏರಿದ್ರೆ ಅಪಾಯ. ನೇತಿ ಪಾತ್ರೆಯನ್ನೂ ಕುದಿಸಿದ ನೀರಲ್ಲೇ ತೊಳೆದು ಒಣಗಿಸಿಡಿ.

ಇನ್ನು ಪರಾಗದಿಂದ ತಪ್ಪಿಸಿಕೊಳ್ಳೋ ಸಣ್ಣಪುಟ್ಟ ವಿದ್ಯೆಗಳು. ಒಣಹವೆ, ಗಾಳಿ ಬೀಸೋ ದಿನ ಪರಾಗ ಜಾಸ್ತಿ. ಹುಲ್ಲು, ಕಾಂಗ್ರೆಸ್ ಗಿಡ ಇರೋ ಕಡೆ ಬೆಳಗಿನ ಹೊತ್ತು ಜಾಸ್ತಿ. ಜೆ.ಪಿ. ಪಾರ್ಕಲ್ಲಿ ವಾಕಿಂಗ್ ಮಾಡೋರು ನಿಲ್ಲಿಸಬೇಕಿಲ್ಲ, ತೊಂದರೆ ಇರೋ ತಿಂಗಳಲ್ಲಿ ಹುಲ್ಲು ಕತ್ತರಿಸ್ತಿರೋ ಕಡೆ ಹೋಗಬೇಡಿ, ಇಲ್ಲಾ ಒಳ್ಳೆ ಮಳೆ ಬಂದು ನಿಂತ ಮೇಲೆ ಹೋಗಿ. ಕೋವಿಡ್ ಕಾಲದ ಮಾಸ್ಕ್ ಮನೆಯಲ್ಲಿದ್ರೆ ಈಗ ಅದಕ್ಕೆ ಕೆಲಸ ಬಂತು. ಗಾಡಿ ಓಡಿಸೋವಾಗ ಹೆಲ್ಮೆಟ್ ಗಾಜು ಕೆಳಗಿರಲಿ. ಮನೆಗೆ ಬಂದ ಮೇಲೆ ಬಟ್ಟೆ ಬದಲಾಯಿಸಿ, ಮುಖ, ರೆಪ್ಪೆ ತೊಳೀರಿ. ಆದ್ರೆ ರಾತ್ರಿ ಮಲಗೋ ಮುಂಚೆ ತಲೆಗೂ ನೀರು ಹಾಕಿಕೊಳ್ಳಿ, ಇಲ್ಲದಿದ್ರೆ ಕೂದಲಲ್ಲಿರೋ ಪುಡಿಯೆಲ್ಲಾ ದಿಂಬಿಗೆ. ಟೆರೇಸಲ್ಲಿ ಒಣಗಿಸಿದ ದಿಂಬಿನ ಕವರು, ಟವೆಲ್ಲನ್ನ ಕೊಡವಿ ಮಡಚಿ, ಆಗದಿದ್ರೆ ಒಳಗೇ ಒಣಗಿಸಿ. ಕಣ್ಣು ತುರಿಸಿದ್ರೆ ಉಜ್ಜಬೇಡಿ, ತಣ್ಣೀರಲ್ಲಿ ಅದ್ದಿದ ಬಟ್ಟೆ ಐದು ನಿಮಿಷ ಇಡಿ.

ಅಂಗಡಿಯವರಿಗೆ ಬೇರೆಯಾಗಿ ಎರಡು ಮಾತು. ಬೆಳಗ್ಗೆ ಒಣ ಕಸಬರಿಕೆಯಲ್ಲಿ ಮುಂಭಾಗ ಗುಡಿಸಿದ್ರೆ ರಾತ್ರಿಯೆಲ್ಲಾ ಕೆಳಗೆ ಕೂತಿದ್ದ ಪರಾಗ, ಧೂಳು ಎಲ್ಲಾ ಎದ್ದು ನಿಮ್ಮ ಮುಖಕ್ಕೇ ಬರುತ್ತೆ. ನೀರು ಚಿಮುಕಿಸಿ ಗುಡಿಸಿ. ನಮ್ಮಮ್ಮಂದಿರು ಅಂಗಳಕ್ಕೆ ಮಾಡ್ತಿದ್ದದ್ದು ಅದನ್ನೇ. ಕೌಂಟರ್, ಶೆಲ್ಫಿಗೆ ಒದ್ದೆ ಬಟ್ಟೆ. ಪೂಜೆ ಮಾಡೋದನ್ನ ಬಿಡಿ ಅಂತ ನಾನು ಹೇಳಲ್ಲ, ಆದ್ರೆ ಎಂಟಡಿ ಅಂಗಡಿಯಲ್ಲಿ ಮುಷ್ಟಿ ಊದುಬತ್ತಿ ಹಚ್ಚಿ ಶಟರ್ ಅರ್ಧ ಇಳಿಸಿ ಕೂತ್ರೆ ಮೊದಲೇ ಕೆರಳಿದ ಮೂಗಿಗೆ ಇನ್ನಷ್ಟು ಕಿರಿಕಿರಿ.

ಹಬೆ ತಗೊಂಡ್ರೆ ಕಟ್ಟಿದ ಮೂಗು ಸ್ವಲ್ಪ ಹೊತ್ತು ಬಿಡುತ್ತೆ, ಅಲರ್ಜಿ ಹೋಗಲ್ಲ. ಮಕ್ಕಳನ್ನ ಕುದಿಯೋ ಪಾತ್ರೆ ಮುಂದೆ ಕಂಬಳಿ ಹೊದಿಸಿ ಕೂರಿಸಬೇಡಿ, ಸುಟ್ಟುಕೊಳ್ಳೋದು ಅಲ್ಲೇ. ಮೆಣಸಿನ ಕಷಾಯ, ಅರಿಶಿನ ಹಾಲು, ತುಳಸಿ ಎಲ್ಲಾ ಗಂಟಲಿಗೆ ಹಿತ, ನಾನೂ ಕುಡೀತೀನಿ. ಪರಾಗದ ಅಲರ್ಜಿಯನ್ನ ಅವು ವಾಸಿ ಮಾಡ್ತವೆ ಅನ್ನೋಕೆ ಗಟ್ಟಿ ಆಧಾರ ಇಲ್ಲ. ಇನ್ನು ವಾಟ್ಸಾಪಲ್ಲಿ ಓಡಾಡೋ ಜೇನುತುಪ್ಪದ ಚಿಕಿತ್ಸೆ: "ನಿಮ್ಮೂರಿನ ಜೇನು ತಿಂದ್ರೆ ನಿಮ್ಮೂರಿನ ಪರಾಗಕ್ಕೆ ದೇಹ ಒಗ್ಗುತ್ತೆ." ಕೇಳೋಕೆ ಸರಿ ಅನ್ನಿಸುತ್ತೆ. ಆದ್ರೆ ಜೇನು ತರೋದು ಹೂವಿನ ಅಂಟು ಪರಾಗವನ್ನ, ನಮಗೆ ತೊಂದರೆ ಕೊಡೋದು ಗಾಳಿಯ ಪರಾಗ. ಎರಡೂ ಬೇರೆ. ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಲೇಬಾರದು, ಅದು ಬೇರೆಯೇ ಅಪಾಯ.

ಮಾತ್ರೆ, ಡ್ರಾಪ್ಸ್, ಪಂಪು

ಮೆಡಿಕಲ್ ಶಾಪಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: "ಇದು ನಿದ್ದೆ ಬರಿಸುತ್ತಾ?" ಸೆಟಿರಿಜಿನ್ ಕೆಲವರಿಗೆ ತೂಕಡಿಕೆ ತರುತ್ತೆ, ಲೊರಾಟಡಿನ್, ಫೆಕ್ಸೊಫೆನಡಿನ್ ಥರದ್ದರಲ್ಲಿ ಅದು ಕಡಿಮೆ. ಯಾವುದೇ ಆಗಲಿ, ಮೊದಲ ಸಲ ತಗೊಂಡಾಗ ಗಾಡಿ ಮುಟ್ಟಬೇಡಿ. ಮೂಗು ಬಿಡಿಸೋ ಡ್ರಾಪ್ಸ್, ಜೈಲೊಮೆಟಾಜೊಲಿನ್ ಅಂತ ಬರೆದಿರೋದು, ನಿಮಿಷದಲ್ಲಿ ಸ್ವರ್ಗ ತೋರಿಸುತ್ತೆ. ಆದ್ರೆ ಐದು ದಿನ ದಾಟಿಸಿದ್ರೆ ಡ್ರಾಪ್ಸ್ ಇಲ್ಲದೆ ಮೂಗು ತೆರೆಯೋದೇ ಇಲ್ಲ ಅನ್ನೋ ಸ್ಥಿತಿ ಬರುತ್ತೆ. ತಿಂಗಳುಗಟ್ಟಲೆ ಜೇಬಲ್ಲಿ ಬಾಟಲಿ ಇಟ್ಟುಕೊಂಡು ಓಡಾಡೋರು ಈ ರಸ್ತೆಯಲ್ಲೇ ಇದ್ದಾರೆ. ಡಾಕ್ಟರು ಬರೆದುಕೊಡೋ ಮೂಗಿನ ಸ್ಟೀರಾಯ್ಡ್ ಸ್ಪ್ರೇ ಬೇರೆ. ಅದು ಕೆಲಸ ಶುರು ಮಾಡೋಕೆ ಕೆಲವು ದಿನ ತಗೊಳ್ಳುತ್ತೆ, ಎರಡು ದಿನ ಹೊಡೆದು "ಏನೂ ಆಗಲಿಲ್ಲ" ಅಂತ ಬಿಸಾಕಬೇಡಿ. ಸ್ಟೀರಾಯ್ಡ್ ಮಾತ್ರೆಯನ್ನ ಮಾತ್ರ ಯಾರೋ ಹೇಳಿದ್ರು ಅಂತ ನುಂಗಬೇಡಿ. ಆಂಟಿಬಯೋಟಿಕ್‌ಗೆ ಅಲರ್ಜಿಯಲ್ಲಿ ಕೆಲಸವೇ ಇಲ್ಲ.

ಕೊನೆಗೆ ಎದೆ ವಿಷಯ. ನಮ್ಮ ಪರಿಚಯದ ಒಂದು ಹಾರ್ಡ್‌ವೇರ್ ಅಂಗಡಿಯವರ ಮಗ, ಎಂಟು ವರ್ಷ. ಮೂರು ವರ್ಷ ಸತತವಾಗಿ ಮಳೆಗಾಲ ಮುಗಿಯೋ ಹೊತ್ತಿಗೆ ರಾತ್ರಿ ಕೆಮ್ಮು. ಕೆಮ್ಮಿನ ಸಿರಪ್ ಮೇಲೆ ಸಿರಪ್. ಒಂದು ರಾತ್ರಿ ಹುಡುಗ ಮಾತಾಡೋಕೂ ಆಗದೆ, ಪಕ್ಕೆಲುಬಿನ ಸಂದಿ ಒಳಕ್ಕೆ ಎಳೀತಾ ಕೂತಿದ್ದ. ಆಸ್ಪತ್ರೆಗೆ ಒಯ್ದಾಗ ಗೊತ್ತಾಗಿದ್ದು ಆಸ್ತಮಾ. ಆ ತಂದೆ ನನಗೆ ಹೇಳಿದ್ದು ಇಷ್ಟೇ: ಇನ್‌ಹೇಲರ್ ಬರೆದುಕೊಡಿ ಅಂತ ಎರಡು ವರ್ಷದ ಹಿಂದೆಯೇ ಒಬ್ಬರು ಡಾಕ್ಟರು ಹೇಳಿದ್ರಂತೆ, "ಪಂಪ್ ಅಭ್ಯಾಸ ಆಗಿಬಿಡುತ್ತೆ" ಅಂತ ಇವರೇ ಬೇಡ ಅಂದಿದ್ರಂತೆ. ಪಂಪ್ ಚಟ ಅಲ್ಲ. ಹೊಟ್ಟೆಗೆ ಹೋಗಿ ಮೈಯೆಲ್ಲಾ ಸುತ್ತೋ ಔಷಧಿಯನ್ನ ಸ್ವಲ್ಪವೇ ಸ್ವಲ್ಪ ಪ್ರಮಾಣದಲ್ಲಿ ನೇರ ಶ್ವಾಸನಾಳಕ್ಕೆ ತಲುಪಿಸೋ ದಾರಿ. ಹುಡುಗ ಈಗ ಕ್ರಿಕೆಟ್ ಆಡ್ತಾನೆ.

ಅವನೊಬ್ಬನ ಕತೆ ಅಲ್ಲ ಇದು. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಸುಮಾರು 20,000 ಮಕ್ಕಳನ್ನ ನೋಡಿ ಕೊಟ್ಟ ಲೆಕ್ಕದಲ್ಲಿ ಆಸ್ತಮಾ ಪ್ರಮಾಣ 1979ರಲ್ಲಿ ನೂರಕ್ಕೆ 9 ಇದ್ದದ್ದು 1999ಕ್ಕೆ 29.5. ಪರಾಗ ಒಂದೇ ಕಾರಣ ಅಲ್ಲ, ಹೊಗೆ, ಊರು ಬೆಳೆದ ರೀತಿ ಎಲ್ಲಾ ಸೇರಿದೆ. ಆಸ್ತಮಾ ಇರೋರಿಗೆ ಗುಡುಗು ಮಳೆಯ ಮುಂಚಿನ ಬಿರುಗಾಳಿಯೂ ಅಪಾಯ. 2016ರ ನವೆಂಬರ್ 21ರಂದು ಆಸ್ಟ್ರೇಲಿಯಾದ ಮೆಲ್ಬರ್ನಲ್ಲಿ ಗುಡುಗು ಮಳೆಗೆ ಹುಲ್ಲಿನ ಪರಾಗ ಒಡೆದು ಚೂರಾಗಿ ಸಾವಿರಾರು ಜನ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದ್ರು, ಹತ್ತು ಜನ ತೀರಿಕೊಂಡ್ರು. ಆ ಬಿರುಗಾಳಿ ಬೀಸೋವಾಗ ಒಳಗಿರಿ, ಕಿಟಕಿ ಹಾಕಿ.

ಎದೆಯಲ್ಲಿ ಸುಂಯ್ ಅನ್ನೋ ಸದ್ದು, ರಾತ್ರಿ ಕೆಮ್ಮಿ ಎಚ್ಚರ ಆಗೋದು, ಮೆಟ್ಟಿಲು ಹತ್ತಿದ್ರೆ ಎದೆ ಬಿಗಿಯೋದು, ಇದರಲ್ಲಿ ಒಂದಿದ್ರೂ ಮನೆಮದ್ದು ನಿಲ್ಲಿಸಿ ಹೊರಡಿ. ಸರ್ಕಾರಿ ಆಸ್ಪತ್ರೆ ಬೇಕಾದ್ರೆ ಮಲ್ಲೇಶ್ವರದ ಕೆ.ಸಿ. ಜನರಲ್ ಇದೆ, ಹತ್ತಿರದಲ್ಲೇ ರಾಮಯ್ಯ ಆಸ್ಪತ್ರೆ ಇದೆ. ಯಾವ ಪರಾಗ ಆಗಲ್ಲ ಅಂತ ತಿಳಿಯೋಕೆ ಚರ್ಮದ ಮೇಲೆ ಚುಚ್ಚಿ ನೋಡೋ ಪರೀಕ್ಷೆ ಇದೆ. ಅದಕ್ಕೆ ಹೋಗೋ ಕೆಲವು ದಿನ ಮುಂಚೆಯೇ ಅಲರ್ಜಿ ಮಾತ್ರೆ ನಿಲ್ಲಿಸಿರಬೇಕು, ಎಷ್ಟು ದಿನ ಅಂತ ಡಾಕ್ಟರನ್ನೇ ಕೇಳಿ.

ಇನ್ನು ಸೈಟಿನ ವಿಷಯ. ಕಾಂಗ್ರೆಸ್ ಗಿಡವನ್ನ ಹೂ ಬಿಡೋ ಮುಂಚೆ, ಮಳೆ ಬಂದು ಮಣ್ಣು ಒದ್ದೆ ಇರೋವಾಗ ಬೇರು ಸಮೇತ ಕೀಳಬೇಕು. ಕೈಗೆ ಗ್ಲೌಸು, ಮೂಗಿಗೆ ಮಾಸ್ಕು, ಅಲರ್ಜಿ ಇರೋರು ಆ ಕೆಲಸಕ್ಕೆ ಇಳಿಯಬಾರದು. ಹೂ ಬಂದ ಮೇಲೆ ಎಳೆದಾಡಿದ್ರೆ ಪರಾಗ, ಬೀಜ ಎರಡನ್ನೂ ನಾವೇ ಹಂಚಿದ ಹಾಗೆ. ಉಪ್ಪುನೀರು ಹೊಡೆದ್ರೂ ಸಾಯುತ್ತೆ, ಲೀಟರಿಗೆ 150-200 ಗ್ರಾಂ ಉಪ್ಪು. ಆದ್ರೆ ಆ ಮಣ್ಣಲ್ಲಿ ಬೇರೇನೂ ಬೆಳೆಯಲ್ಲ, ಹಾಗಾಗಿ ಗೋಡೆ ಸಂದಿ, ಚರಂಡಿ ಅಂಚಿಗೆ ಮಾತ್ರ.

ನಮ್ಮ ಅಡ್ಡರಸ್ತೆ ಮೂಲೆಯ ಖಾಲಿ ಸೈಟಿಗೆ ಹೋದ ತಿಂಗಳು ಜೆಸಿಬಿ ಬಂದಿತ್ತು. ಎದೆಯೆತ್ತರ ಹೂ ಬಿಟ್ಟು ನಿಂತಿದ್ದ ಗಿಡವನ್ನೆಲ್ಲಾ ಸವರಿ ಮೂಲೆಗೆ ಗುಡ್ಡೆ ಹಾಕಿ ಹೋದ್ರು. ಈ ವಾರ ಹೋಗಿ ನೋಡಿದೆ. ಗುಡ್ಡೆ ಹಾಗೇ ಒಣಗಿದೆ, ಅದರ ಸುತ್ತ ಹೊಸ ಮೊಳಕೆ, ಎಲೆಯೆಲ್ಲಾ ನೆಲಕ್ಕೆ ಅಂಟಿಕೊಂಡು ಅಂಗೈ ಅಗಲ ಆಗಿವೆ. ಮೊಳಕೆಯಾದ ನಾಲ್ಕು ವಾರಕ್ಕೇ ಈ ಗಿಡ ಹೂ ಬಿಡಬಲ್ಲದು. ಆಯುಧಪೂಜೆಗೆ ಇನ್ನು ಇರೋದೂ ಅಷ್ಟೇ. ಭಾನುವಾರ ಬೆಳಗ್ಗೆ ಮಳೆ ಬಂದಿದ್ರೆ ಎಂಟು ಗಂಟೆಗೆ ಕೀಳೋಕೆ ಅಂತ ಬೀದಿಯ ಐದಾರು ಅಂಗಡಿಯವರು ಒಪ್ಪಿದ್ದಾರೆ. ಗ್ಲೌಸು ಹಾರ್ಡ್‌ವೇರ್ ಅಂಗಡಿಯವರೇ ಕೊಡ್ತಾರಂತೆ.